ಸ್ಪಷ್ಟನೆ: ನೊವಾಕರೆಲ್ಲ ಪೋಲೆಂಡಿನವರಲ್ಲ

ಸ್ಲೊವೇನಿಯಾ, ಚೆಕ್ ದೇಶಗಳಲ್ಲಿ ನೊವಾಕ್ ಎಂಬ ಅಡ್ಡಹೆಸರಿನವರೆಲ್ಲ ಪೋಲೆಂಡಿನಿಂದ ವಲಸೆ ಹೋದವರು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಹೆಸರಿನ ಬೇರು ಪೋಲಿಷ್, ಚೆಕ್ ಮೊದಲಾದ ಸ್ಲಾವಿಕ್ ಭಾಷೆಗಳಿಗೆಲ್ಲ ಸಾಮಾನ್ಯವಾದ ‘ನೊವ್’, ಅಂದರೆ ‘ಹೊಸ’. ಊರಿಗೆ ಹೊಸದಾಗಿ ಬಂದು ನೆಲೆಸಿದವನನ್ನು ಜನ ಹಾಗೆ ಕರೆದರು, ಅದೇ ಮನೆತನಕ್ಕೆ ಅಂಟಿಕೊಂಡಿತು. ಹೊಸಬರು ಬರದ ಊರು ಎಲ್ಲಿದೆ? ಹಾಗಾಗಿ ಹೆಸರು ಅಲ್ಲಲ್ಲೇ ಹುಟ್ಟಿ, ಮೂರೂ ದೇಶಗಳಲ್ಲಿ ಅತಿ ಸಾಮಾನ್ಯ ಅಡ್ಡಹೆಸರಾಗಿದೆ. ಗುರುತು ಬೇಕೇ? ಪೋಲಿಷ್ ಬರಹದಲ್ಲಿ ನಡುವಿನ ಅಕ್ಷರ ‘ಡಬ್ಲ್ಯು’, ಉಳಿದೆರಡರಲ್ಲಿ ‘ವಿ’. ಚೆಕ್ ಹೆಂಗಸು ಸಾಮಾನ್ಯವಾಗಿ ‘ನೊವಾಕೊವಾ’. ಪೋಲೆಂಡಿನಲ್ಲಿ ಹೆಂಗಸರೂ ನೊವಾಕರೇ. ವಲಸೆಯ ಮಾತು ಜರ್ಮನಿಯ ರೂರ್ ಪ್ರದೇಶದ ನೊವಾಕರಿಗೆ ಹೆಚ್ಚು ಒಪ್ಪುತ್ತದೆ: 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಗಳಿಗೆ ಪೋಲಿಷರು ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದರು. ಅಂದಹಾಗೆ, ಟೆನಿಸ್‌ನ ಜೊಕೊವಿಚ್‌ಗೆ ನೊವಾಕ್ ಎಂಬುದು ಅಡ್ಡಹೆಸರೇ ಅಲ್ಲ, ಇಟ್ಟ ಹೆಸರು.