ಅಗುಳು ಹಿಸುಕಿ ನೋಡಿದ ರಾಕೆಟ್

ರಷ್ಯಾ ಚಂದ್ರನತ್ತ ಮನುಷ್ಯರನ್ನು ಕಳಿಸುವ ಕುರಿತ ಲೇಖನವೊಂದನ್ನು ಓದಿದೆ. ಸೋವಿಯತ್ ರಾಕೆಟ್‌ಗಳ ಮುಖ್ಯ ವಿನ್ಯಾಸಕ ಕೊರೊಲ್ಯೋವ್ 1966ರಲ್ಲಿ ತೀರಿಕೊಳ್ಳದಿದ್ದರೆ ರಷ್ಯನ್ನರೂ ಚಂದ್ರನ ಮೇಲೆ ಇಳಿಯುತ್ತಿದ್ದರು ಎಂಬ ಲೇಖಕರ ಮಾತನ್ನು ನಾನು ಒಪ್ಪಲಾರೆ. ಚಂದ್ರನಿಗೆ ಹೋಗಲೆಂದು ಸೋವಿಯತ್ತರು ಕಟ್ಟಿದ ಎನ್-1 ರಾಕೆಟ್ಟಿನ ಮೊದಲ ಹಂತದಲ್ಲಿ, ಅಂದರೆ ಅದನ್ನು ನೆಲದಿಂದ ಮೇಲೆತ್ತುವ ಭಾಗದಲ್ಲಿ, 30 ಎಂಜಿನ್‌ಗಳಿದ್ದವು. ಒಮ್ಮೆ ಉರಿಸಿದರೆ ಮತ್ತೆ ಬಳಸಲಾಗದ ಎಂಜಿನ್‌ಗಳವು. ಹಾಗಾಗಿ ಆರರ ಗುಂಪಿನಲ್ಲಿ ಎರಡನ್ನು ಉರಿಸಿ ನೋಡಿ ಉಳಿದ ನಾಲ್ಕನ್ನು ನಂಬಿದರು. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕುವ ಲೆಕ್ಕ! ಇಡೀ ಹಂತವನ್ನು ನೆಲದ ಮೇಲೆ ಪರೀಕ್ಷಿಸುವ ಕಟ್ಟೆಯನ್ನೇ ಕಟ್ಟಲಿಲ್ಲ. ಆ ಉಳಿತಾಯದ ನಿರ್ಧಾರ ಕೊರೊಲ್ಯೋವ್ ಬದುಕಿದ್ದಾಗಲೇ ಆದದ್ದು. ಫಲವಾಗಿ 1969ರಿಂದ 1972ರವರೆಗೆ ನಾಲ್ಕು ಉಡಾವಣೆ, ನಾಲ್ಕೂ ವಿಫಲ. 1969ರ ಜುಲೈ 3ರಂದು ಬೈಕನೂರಿನ ಉಡಾವಣಾ ವೇದಿಕೆಯೇ ಧ್ವಂಸವಾಯಿತು. ಅಂದು ಸರಿಯಾಗಿ ಕೆಲಸ ಮಾಡಿದ್ದು ರಾಕೆಟ್ ಕೆಟ್ಟಾಗ ಯಾನಿಗಳ ಕೋಶವನ್ನು ದೂರ ಎಳೆದೊಯ್ಯುವ ಪಾರುಗಾಣಿಕಾ ವ್ಯವಸ್ಥೆಯೊಂದೇ. 2018ರಲ್ಲಿ ರಷ್ಯಾದ ಸೊಯುಜ್ ರಾಕೆಟ್ ಕೈಕೊಟ್ಟಾಗ ಅದರಲ್ಲಿದ್ದ ಗಗನಯಾನಿಗಳಾದ ಒವ್ಚಿನಿನ್ ಮತ್ತು ಹೇಗ್ ಅವರ ಜೀವ ಉಳಿಸಿದ್ದೂ ಅಂಥದೇ ವ್ಯವಸ್ಥೆ. ಹೊಸ ಚಂದ್ರಯಾನಿಗಳನ್ನು ಕಳಿಸುವ ಮೊದಲು ರಷ್ಯಾ ಪರೀಕ್ಷಾ ಕಟ್ಟೆಗೆ ಎಷ್ಟು ಹಣ ತೆಗೆದಿಟ್ಟಿದೆ? ಲೇಖನ ಅದನ್ನು ಕೇಳಬೇಕಿತ್ತು.