ಕುಲಾವಿ ತೆಗೀರಮ್ಮ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ನಾವೂ ಹೊಲಿಸಿರಲಿಲ್ಲ. ಅದಕ್ಕೇ ಅಣ್ಣನ ಮಗಳ ಜ್ಞಾನಸ್ನಾನಕ್ಕೆ, ಅಂದರೆ ಚರ್ಚಿನ ಬ್ಯಾಪ್ಟಿಸಮ್ಮಿಗೆ, ಒಂದೇ ವಾರ ಉಳಿದಾಗ, ನಾನು ಬಿಳಿ ಫ್ರಾಕ್ ಹುಡುಕಿಕೊಂಡು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಅಲೆಯುತ್ತಿದ್ದೆ. ಜ್ಞಾನತಾಯಿ, ಅಂದರೆ ಗಾಡ್‌ಮದರ್, ನಾನೇ. ಬಟ್ಟೆ ಖರ್ಚು ನನ್ನದು ಅಂತ ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದರು. ಯಾವ ಬಟ್ಟೆ ಅನ್ನುವುದನ್ನೂ ಅವರೇ ತೀರ್ಮಾನಿಸುವವರಿದ್ದರು, ಆ ಮಾತು ಬೇರೆ.

ಬಣ್ಣದ ತಕರಾರಿಲ್ಲ. ನೀರು ಹುಯ್ದ ಮೇಲೆ ಹೊಸ ಬದುಕಿನ ಗುರುತಾಗಿ ಬಿಳಿ ಬಟ್ಟೆ ತೊಡಿಸುವುದು ವಿಧಿಯಲ್ಲೇ ಇದೆ. ಅಂಗಡಿಗೆ ಹೋದ ಮೇಲೆ ಗೊತ್ತಾಯಿತು, ಬಿಳಿಯಲ್ಲೇ ಐದಾರು ಬಣ್ಣ! ಅಂಗಡಿಯವನು ಒಂದು ಫ್ರಾಕ್ ಹರಡಿದ. ನೆಟ್ಟಿನ ಮೇಲೆ ನೆಟ್ಟು, ಎದೆ ತುಂಬ ಮುತ್ತು, ಬೆನ್ನಿಗೆ ಜಿಪ್ಪು. ಒಳಗೆ ಕೈ ಹಾಕಿ ನೋಡಿದೆ. ತೆಂಗಿನ ನಾರು ಸವರಿದ ಹಾಗಿತ್ತು.

"ಫೋಟೋದಲ್ಲಿ ಸೂಪರಾಗಿ ಬರುತ್ತೆ ಮೇಡಂ" ಅಂದ.

ಬರುತ್ತೆ. ಫೋಟೋಗೆ ತುರಿಕೆ ಆಗಲ್ವಲ್ಲ.

ನನಗೆ ಜಿಪ್ಪಿನ ಮೇಲೆ ಹಳೇ ಸಿಟ್ಟು. ಜ್ಞಾನಸ್ನಾನದಲ್ಲಿ ಮೊದಲು ಎದೆಗೆ ಎಣ್ಣೆ ಹಚ್ಚುತ್ತಾರೆ. ಆಮೇಲೆ ತಲೆಗೆ ಮೂರು ಸಲ ನೀರು. ಮತ್ತೆ ನೆತ್ತಿಗೆ ಪರಿಮಳದ ತೈಲ. ನನ್ನ ಮಗನಿಗೆ ಕತ್ತಿನವರೆಗೂ ಮುಚ್ಚಿದ, ಬೆನ್ನಿಗೆ ಜಿಪ್ಪಿರುವ ಸೂಟು ಹಾಕಿಸಿದ್ದೆ. ಫಾದರ್ ಹೆಬ್ಬೆರಳಿಗೆ ಎಣ್ಣೆ ಅದ್ದಿಕೊಂಡು ನಿಂತಿದ್ದಾರೆ, ನಾವು ಮೂರು ಜನ ಹೆಂಗಸರು ಕೂಸಿನ ಜೊತೆ ಕುಸ್ತಿಗೆ ಬಿದ್ದಿದ್ದೇವೆ. ಮುಗಿಯಿತು ಅನ್ನುವಾಗ "ಕುಲಾವಿ ತೆಗೀರಮ್ಮ" ಅಂದರು. ಗದ್ದದ ಕೆಳಗಿನ ಗಂಟು ಕಗ್ಗಂಟಾಗಿತ್ತು. ಕೊನೆಗೆ ನಮ್ಮಮ್ಮ ಹಲ್ಲಿನಲ್ಲಿ ಬಿಚ್ಚಿದರು.

ಹಾಗಾಗಿ ಈ ಸಲ ಟೈಲರ್ ಹತ್ತಿರ ಹೋದೆ. ಮೆತ್ತನೆ ಮಲ್ ಬಟ್ಟೆ, ಮುಂದುಗಡೆ ಟಿಚ್ ಬಟನ್, ಅಂಚಿಗೆ ಅತ್ತಿಗೆಯ ಮದುವೆ ಸೀರೆಯ ಲೇಸು. ಲೇಸು ಬಿಚ್ಚುವಾಗ ಅತ್ತಿಗೆಯ ಮುಖ ನೋಡಲಾಗಲಿಲ್ಲ. ಕುಲಾವಿಗೆ ಗಂಟು ಬೇಡವೇ ಬೇಡ, ಸಡಿಲವಾದ ಎಲಾಸ್ಟಿಕ್ ಸಾಕು ಅಂದೆ.

ಮಿಕ್ಕ ಸಾಮಾನು ತಾವಾಗಿಯೇ ಬಂದು ಸೇರಿದವು. ನಡೆಯದ ಕಾಲಿಗೆ ಶೂ. ಕೂದಲಿಲ್ಲದ ತಲೆಗೆ ಹೇರ್ ಬ್ಯಾಂಡು. ಶಿಲುಬೆಯ ಸಣ್ಣ ಸರವನ್ನು ಮಾತ್ರ ನಾನೇ ಡಬ್ಬಿಯಲ್ಲಿಟ್ಟೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ನೋಡಿ. ಉಡಿದಾರ ಬಿಚ್ಚಲು ಅಮ್ಮ ಬಿಡಲಿಲ್ಲ. "ದೃಷ್ಟಿಬೊಟ್ಟು ಬೇಡಮ್ಮ, ಬಿಳಿ ಬಟ್ಟೆ" ಅಂದಿದ್ದಕ್ಕೆ, ಆಶ್ಚರ್ಯ, ಸುಮ್ನೆ ತಲೆಯಾಡಿಸಿದರು.

ಭಾನುವಾರ ಫಿಲೋಮಿನಾ ಚರ್ಚು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು. ಗೋಪುರಗಳು 175 ಅಡಿ, ನಮ್ಮ ಕೂಸು ಎರಡಡಿಯೂ ಇಲ್ಲ. ಟಿಚ್ ಬಟನ್ ಪಟಪಟ ಬಿಚ್ಚಿಕೊಂಡವು. ಎಣ್ಣೆ ಆಯಿತು. ನಾನು ಒಳಗೊಳಗೇ ಬೀಗುತ್ತಿದ್ದೆ.

"ಕುಲಾವಿ ತೆಗೀರಮ್ಮ."

ಒಂದೇ ಎಳೆತಕ್ಕೆ ಬಂತು. ಬೋಳು ಹಣೆಯ ಮೇಲ್ತುದಿಯಲ್ಲಿ ಕಡಲೆಕಾಳಿನಷ್ಟು ದಪ್ಪ ಕಾಡಿಗೆಯ ಬೊಟ್ಟು! ಫಾದರ್ ಒಂದು ಕ್ಷಣ ನೋಡಿದರು. ಅಮ್ಮ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದರು. ಮೂರನೇ ಸಲ ನೀರು ಬೀಳುವಷ್ಟರಲ್ಲಿ ಕಾಡಿಗೆ ಕಿವಿಯ ಪಕ್ಕ ಇಳಿದು, ಅತ್ತಿಗೆಯ ಸೀರೆಯ ಲೇಸಿಗೆ ಹೋಗಿ ನಿಂತಿತ್ತು.