ಹತ್ತು ಕೆಬಿ ತೂಗದ ಸಹಿ

ಹತ್ತಿಯನ್ನು ಕ್ವಿಂಟಲ್ ಲೆಕ್ಕದಲ್ಲಿ ತೂಗುತ್ತಿದ್ದ ದಾವಣಗೆರೆಯಲ್ಲಿ ಈಗ ನಿರುದ್ಯೋಗಿಗಳ ಮುಖವನ್ನು ಕೆಬಿ (ಕಿಲೋಬೈಟ್, ಅಂದರೆ ಕಡತದ ಗಾತ್ರ) ಲೆಕ್ಕದಲ್ಲಿ ತೂಗಲಾಗುತ್ತಿದೆ. ನೇಮಕಾತಿಯ ಕೊನೆಯ ದಿನಾಂಕ ಹತ್ತಿರವಾದಂತೆ ಜಗಳೂರು, ಹೊನ್ನಾಳಿ, ಚನ್ನಗಿರಿಗಳಿಂದ ಬಸ್ಸಿಳಿದು ಬರುವ ಪದವೀಧರರು ಸೈಬರ್ ಸೆಂಟರುಗಳ ಮುಂದೆ ಸಾಲುಗಟ್ಟುವುದು ಅರ್ಜಿ ತುಂಬಲು ಎಂದು ತಿಳಿದರೆ ತಪ್ಪಾದೀತು. ಹೆಸರು, ವಿಳಾಸ, ಅಂಕಗಳನ್ನೆಲ್ಲ ಅವರು ಮೊಬೈಲಿನಲ್ಲೇ ತುಂಬಿ ಮುಗಿಸಿರುತ್ತಾರೆ. ಫೋಟೊ ‘ರಿಸೈಜ್’ ಆಗದೆ ಅಲ್ಲಿಗೇ ನಿಂತಿರುತ್ತಾರೆ. ಐವತ್ತು ಮೆಗಾಪಿಕ್ಸೆಲ್ ಕ್ಯಾಮೆರಾ ಇದೆಯೆಂದು ಕಂತಿನಲ್ಲಿ ಕೊಂಡ ಫೋನು ತೆಗೆದ ಚಿತ್ರವನ್ನು 200 × 230 ಪಿಕ್ಸೆಲ್‌ಗೆ, 20ಕ್ಕೆ ಕಡಿಮೆಯಿಲ್ಲದ, 50ಕ್ಕೆ ಮೀರದ ಕೆಬಿಗೆ ಇಳಿಸಿದಾಗ ಮಾತ್ರ ಅಭ್ಯರ್ಥಿಗೆ ಮುಖವಿದೆಯೆಂದು ಜಾಲತಾಣ ಒಪ್ಪುತ್ತದೆ.

ಗರಿಷ್ಠ ಮಿತಿಗಾದರೂ ಒಂದು ಅರ್ಥವಿದೆ. ಕನಿಷ್ಠ ಮಿತಿಯ ಮರ್ಮವನ್ನು ಬಿಡಿಸುವವರು ಬೇಕು. ಬ್ಯಾಂಕ್ ನೇಮಕಾತಿಯ ಅರ್ಜಿಗಳಲ್ಲಿ ಸಹಿಯ ಚಿತ್ರ 140 × 60 ಪಿಕ್ಸೆಲ್ ಇರಲಿ, 10ರಿಂದ 20 ಕೆಬಿ ತೂಗಲಿ ಎಂದು ಕೇಳುವುದುಂಟು. 140ನ್ನು 60ರಿಂದ ಗುಣಿಸಿದರೆ 8,400 ಪಿಕ್ಸೆಲ್. ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿಗೆಂದು ಮೂರು ಬೈಟ್ ಕೊಟ್ಟು, ಒಂದಿಷ್ಟೂ ಕುಗ್ಗಿಸದೆ ಇಟ್ಟರೂ ಒಟ್ಟು 25,200 ಬೈಟ್, ಅಂದರೆ ಸುಮಾರು 25 ಕೆಬಿ. 1992ರಲ್ಲಿ ಮಾನಕವಾದ ಜೆಪೆಗ್ ಎಂಬ ಚಿತ್ರ ಕುಗ್ಗಿಸುವ ವಿಧಾನ ಹುಟ್ಟಿದ್ದೇ ಇಂಥದ್ದನ್ನು ಕುಗ್ಗಿಸಲು. ಬಿಳಿ ಹಾಳೆಯ ಮೇಲಿನ ನಾಲ್ಕು ಗೆರೆಗಳನ್ನು ಅದು ಕೆಲವೇ ಕೆಬಿಗೆ ತಂದು ನಿಲ್ಲಿಸುತ್ತದೆ. ಹೀಗಾಗಿ ಶುಭ್ರವಾದ ಹಾಳೆಯಲ್ಲಿ ಅಚ್ಚುಕಟ್ಟಾಗಿ ಸಹಿ ಮಾಡಿದವನನ್ನು ಜಾಲತಾಣ ಹಿಂದಕ್ಕೆ ಕಳುಹಿಸುತ್ತದೆ. ಮಾಸಲು ಹಾಳೆಯಲ್ಲಿ ಗೀಚಿ, ಮಂದ ಬೆಳಕಿನಲ್ಲಿ ಫೋಟೊ ಹೊಡೆದವನಿಗೆ ಉತ್ತೀರ್ಣನಾಗುವ ಸಂಭವ ಹೆಚ್ಚು, ಏಕೆಂದರೆ ಕೊಳೆಗೂ ಕೆಬಿ ಇದೆ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರದ ಮೇಲೆ ಬೇಕೆಂದೇ ಕಾಳುಕಾಳಾದ ಚುಕ್ಕೆಗಳನ್ನು ಸಿಂಪಡಿಸುವ ಫಿಲ್ಟರ್ ಕೂಡ ಸಿಗುತ್ತದೆ. ಧಾನ್ಯಕ್ಕೆ ಕಲ್ಲು ಬೆರೆಸಿ ತೂಕ ಸರಿದೂಗಿಸುವ ಈ ವಿದ್ಯೆಯನ್ನು ಮಂಡಿಪೇಟೆಯಲ್ಲಿ ಮಾಡಿದರೆ ದಂಡ ಬೀಳುತ್ತದೆ, ಅರ್ಜಿಯಲ್ಲಿ ಮಾಡಿದರೆ ಹಸಿರು ಟಿಕ್ ಬೀಳುತ್ತದೆ.

ಇನ್ನು ಕೆಲವು ಅರ್ಜಿಗಳಿಗೆ ಪಿಕ್ಸೆಲ್ ಎಂದರೆ ಅಲರ್ಜಿ. ಫೋಟೊ 3.5 ಸೆಂಟಿಮೀಟರ್ ಅಗಲ, 4.5 ಸೆಂಟಿಮೀಟರ್ ಎತ್ತರ ಇರತಕ್ಕದ್ದು ಎನ್ನುತ್ತವೆ. ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದನ್ನು ದೇವರಿಗೆ ಬಿಟ್ಟಿರುತ್ತವೆ. 300 ಎಂದುಕೊಂಡರೆ ಸುಮಾರು 413 × 531, 96 ಎಂದುಕೊಂಡರೆ 132 × 170. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ರೂಪಿಸಿದ ಇಮೇಜ್‌ಜೆ ತಂತ್ರಾಂಶದಿಂದ ವಿಜ್ಞಾನಿಗಳು ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜೀವಕೋಶಗಳನ್ನೇ ಅಳೆಯುತ್ತಾರೆ. ಅದು ಕೂಡ, ಎಷ್ಟು ಪಿಕ್ಸೆಲ್ ಸೇರಿದರೆ ಎಷ್ಟು ಉದ್ದವೆಂದು ಮೊದಲು ತಿಳಿಸದಿದ್ದರೆ, ಪಿಕ್ಸೆಲ್ ಲೆಕ್ಕವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಅಷ್ಟು ಸಂಕೋಚ ನಮ್ಮ ಅಧಿಸೂಚನೆಗಳಿಗೆ ಇಲ್ಲ.

ಅಷ್ಟಕ್ಕೂ ಈ ಕೆಲಸವನ್ನು ಅಭ್ಯರ್ಥಿ ಏಕೆ ಮಾಡಬೇಕು? ಡುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಆರಂಭಿಸಿದ ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶ 1990ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಅದನ್ನು ಸರ್ವರಿನಲ್ಲಿ ಕೂರಿಸಿ ಒಂದು ಸಾಲಿನ ಆದೇಶ ಕೊಟ್ಟರೆ, ಬಂದ ಚಿತ್ರವನ್ನು ಬೇಕಾದ ಅಳತೆಗೆ, ಬೇಕಾದ ಮಿತಿಗೆ ಅದೇ ಇಳಿಸಿಕೊಳ್ಳುತ್ತದೆ. ಆ ಒಂದು ಸಾಲು ಬರೆಯುವ ಶ್ರಮವನ್ನು ಉಳಿಸಲು ಲಕ್ಷಾಂತರ ಮಂದಿ ‘ಉಚಿತ ರಿಸೈಜ್’ ಎಂದು ಹುಡುಕಿ, ಯಾರದೆಂದು ತಿಳಿಯದ ತಾಣಗಳಿಗೆ ತಮ್ಮ ಮುಖ, ಸಹಿ, ಎಡಗೈ ಹೆಬ್ಬೆಟ್ಟಿನ ಗುರುತು ಮೂರನ್ನೂ ಏರಿಸಿ ಕೈಮುಗಿಯುತ್ತಾರೆ. ವಂಚಕರಿದ್ದಾರೆ, ಎಚ್ಚರಿಕೆ ಎಂಬ ಸೂಚನೆ ಮಾತ್ರ ಅರ್ಜಿಯ ನೆತ್ತಿಯ ಮೇಲೆ ಕೆಂಪು ಅಕ್ಷರಗಳಲ್ಲಿ ಓಡುತ್ತಲೇ ಇರುತ್ತದೆ.

ಕೊನೆಗೊಂದು ದಿನ ಪ್ರವೇಶಪತ್ರ ಬರುತ್ತದೆ. ಇಷ್ಟು ಶ್ರದ್ಧೆಯಿಂದ ಕುಗ್ಗಿಸಿದ ಮುಖವು ಜೆರಾಕ್ಸ್ ಅಂಗಡಿಯ ಪ್ರಿಂಟರಿನಿಂದ ಕಪ್ಪು ಮಚ್ಚೆಯಾಗಿ ಹೊರಬೀಳುತ್ತದೆ. ಇದನ್ನು ಮೊದಲೇ ಊಹಿಸಿದ ದೂರದೃಷ್ಟಿಯ ಆಯೋಜಕರು ಕೆಳಗೆ ಸೂಚನೆಯನ್ನೂ ಕೊಟ್ಟಿರುತ್ತಾರೆ: ಭಾವಚಿತ್ರ ಸ್ಪಷ್ಟವಾಗಿಲ್ಲದಿದ್ದಲ್ಲಿ ಅಭ್ಯರ್ಥಿಯು ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊಗಳನ್ನು ತರತಕ್ಕದ್ದು. ಗೋಂದನ್ನೂ ಅಭ್ಯರ್ಥಿಯೇ ತರಬೇಕು. ಅದಕ್ಕೆ ಕೆಬಿ ಮಿತಿಯನ್ನು ಇನ್ನೂ ನಿಗದಿಪಡಿಸಿಲ್ಲ.